ಮೆಟ್ರಿಯವರು ಕೊಡದ ಇನಾಮು

ನಮ್ಮ ಆಸ್ಪತ್ರೆಗೆ ಮದರಾಸಿನಲ್ಲಿ ಕಲಿತ ಹೊಸ ನರ್ಸು ಬಂದ ದಿನವೇ ನನಗೆ ಆಕೆಯನ್ನು ಕಂಡರೆ ಆಗಲಿಲ್ಲ. ಆಕೆ ನನಗೆ ಏನೂ ಮಾಡಿರಲಿಲ್ಲ. ಜಟಕಾದಿಂದ ಇಳಿದವಳೇ ನನ್ನ ಕಾಲು ಮುಟ್ಟಿ, "ಅಕ್ಕ, ನಿಮ್ಮ ಹೆಸರು ಬಳ್ಳಾರಿಯಾಗ ಭಾಳ ಕೇಳೀನ್ರಿ" ಅಂದಳು. ಅಷ್ಟು ಒಳ್ಳೆಯ ಮಾತಿಗೂ ನನ್ನ ಹೊಟ್ಟೆಯೊಳಗೆ ಚುರ್ ಅಂದಿತು. ಕಾಲು ಮುಟ್ಟಿದ ಆ ಕೈಗೆ ಗಡಿಯಾರ ಕಟ್ಟಿತ್ತು. ಹೊಸಪೇಟೆಯಲ್ಲಿ ಕೈಗಡಿಯಾರ ಕಟ್ಟಿದ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾನು ಮರಿಯಮ್ಮನಹಳ್ಳಿ ಕಡೆಯವಳು. ಮೈನೆರೆದು ಗಂಡನ ಮನೆಗೆ ಹೋಗಿ ಎರಡು ವರ್ಷಕ್ಕೇ ಗಂಡ ತೀರಿಕೊಂಡ. ಅಣ್ಣನಿಗೆ ನಮ್ಮ ಮಠದ ಸ್ವಾಮಿಗಳು ಬುದ್ಧಿ ಹೇಳಿದರು: "ಮೂಲೀಗೆ ಕುಂದ್ರಸಬ್ಯಾಡಪ್ಪ, ಏನರೆ ಕಲಿಸು." ಅಣ್ಣ ನನ್ನನ್ನು ಬಳ್ಳಾರಿಗೆ ಕರೆದೊಯ್ದು ಆಸ್ಪತ್ರೆಯಲ್ಲಿ ಹೆರಿಗೆ ಕೆಲಸ ಕಲಿಯಲು ಬಿಟ್ಟ. ಕಲಿತು ಹೊಸಪೇಟೆಯ ಹೆಂಗಸರ ಆಸ್ಪತ್ರೆಗೆ ಸೇರಿದೆ. ಆಸ್ಪತ್ರೆಯ ಹೊತ್ತು ಮುಗಿದ ಮೇಲೆ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸಲು ನಮಗೆ ಅನುಮತಿ ಇತ್ತು. ಕಂಪ್ಲಿ, ಮೆಟ್ರಿ, ದರೋಜಿ, ಹಂಪಿ ಎಲ್ಲಿಂದಲಾದರೂ ಸರಿ, ಗಾಡಿ ಕಟ್ಟಿಕೊಂಡು ಬಂದವರು "ಅಕ್ಕ ಅದಾರೇನ್ರಿ?" ಅಂತ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಕ್ಕ ಅಂದರೆ ನಾನೇ. ಬೇರೆ ಅಕ್ಕ ಇರಲಿಲ್ಲ. ಕೂಸು ಬಿದ್ದು ಅತ್ತ ಮೇಲೆ ಉಡಿ ತುಂಬಿ, ತೆಂಗಿನಕಾಯಿಯ ಜೊತೆ ಒಂದೆರಡು ರೂಪಾಯಿ ಇಡುತ್ತಿದ್ದರು. ಗಂಡು ಕೂಸಾದರೆ ಸ್ವಲ್ಪ ಹೆಚ್ಚು. ಅದನ್ನೇ ಇನಾಮು ಅನ್ನುತ್ತಿದ್ದೆವು.

ಹೊಸಬಳು ಬಂದ ಮೇಲೆ ಎಲ್ಲ ಬದಲಾಯಿತು. ಆಕೆ ಬಾಣಂತಿಯ ಕೈ ಹಿಡಿದು ಗಡಿಯಾರ ನೋಡುತ್ತಾ ಸುಮ್ಮನೆ ನಿಂತರೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ನಾಡಿ ನಾನೂ ಹಿಡಿಯುತ್ತಿದ್ದೆ. ನಾನು ಹಿಡಿದಾಗ ಅತ್ತೆಯಂದಿರು ಪಕ್ಕದಲ್ಲೇ ಕುಂತು ಶೇಂಗಾ ಸುಲಿಯುತ್ತಿದ್ದರು. ಆಕೆ ನನಗಿಂತ ಹದಿನೈದು ವರ್ಷ ಸಣ್ಣವಳು, ಆದರೂ ಮಂದಿ ಆಕೆಯನ್ನು 'ಅಮ್ಮನೋರು' ಅಂದರು. ನಾನು ಅಕ್ಕನಾಗಿಯೇ ಉಳಿದೆ.

ಕಂಪ್ಲಿಯಲ್ಲಿ ಒಂದು ಅಕ್ಕಿ ಗಿರಣಿಯ ಮನೆತನವಿತ್ತು. ಆ ಮನೆಯ ಹಿರಿಸೊಸೆಯ ಮೂರು ಕೂಸು ನನ್ನ ಕೈಯಲ್ಲೇ ಬಿದ್ದಿದ್ದವು. ನನ್ನ ಸಂಬಳದಲ್ಲಿ ಉಳಿಸಿದ ರೊಕ್ಕವನ್ನೂ ಅವರ ಗಿರಣಿಯಲ್ಲೇ ಠೇವಣಿ ಇಟ್ಟಿದ್ದೆ. ವರ್ಷಕ್ಕೊಮ್ಮೆ ದೀಪಾವಳಿಗೆ ಬಡ್ಡಿ ಕೊಡುತ್ತಿದ್ದರು. ನಾಲ್ಕನೆಯದಕ್ಕೆ ಆಕೆ ದಿನ ತುಂಬಿದ್ದಾಳೆ ಅಂತ ನನಗೆ ಗೊತ್ತಿತ್ತು. ಒಂದು ಮುಂಜಾನೆ ಅವರ ಮೋಟಾರು ನಮ್ಮ ಕ್ವಾರ್ಟರ್ಸಿನ ಮುಂದೆ ಬಂದು ನಿಂತಿತು. ನಾನು ಹಣೆಗೆ ವಿಭೂತಿ ಹಚ್ಚಿಕೊಂಡು, ಒಗೆದ ಸೀರೆ ಉಟ್ಟು, ಪೆಟ್ಟಿಗೆ ಹಿಡಿದು ಹೊರಗೆ ಬಂದೆ. ಮೋಟಾರಿನ ಬಾಗಿಲಿಗೆ ಕೈ ಹಾಕಿದ್ದೆ. ಡ್ರೈವರು ತಲೆ ತಗ್ಗಿಸಿ ಅಂದ:

"ಅಕ್ಕ... ನಿಮ್ಮನ್ನಲ್ರಿ. ಹೊಸ ಅಮ್ಮನೋರನ್ನ ಕರಕೊಂಡು ಬಾ ಅಂದಾರ."

ಅಷ್ಟರಲ್ಲಿ ಆಕೆ ಪಕ್ಕದ ಮನೆಯಿಂದ ಬಂದಳು. "ಅಕ್ಕ, ನೀವೂ ಬರ್ರಿ, ಇಬ್ರೂ ಹೋಗೂಣ" ಅಂದಳು.

"ನನಗ ಬ್ಯಾರೆ ಕೆಲಸ ಐತಿ" ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಮೋಟಾರಿನ ಸದ್ದು ಕಂಪ್ಲಿ ದಾರಿಯಲ್ಲಿ ಕರಗುವ ತನಕ ಪೆಟ್ಟಿಗೆ ನನ್ನ ಕೈಯಲ್ಲೇ ಇತ್ತು.

ಆಮೇಲೆ ಆಕೆಗೆ ಸಂಡೂರಿನಿಂದಲೂ ಕರೆ ಬರತೊಡಗಿತು. ಅಲ್ಲಿಯ ಗಣಿ ಕಂಪನಿಯ ದೊಡ್ಡ ಗುಮಾಸ್ತರ ಮನೆಗಳು, ಸಂಸ್ಥಾನದ ಅಧಿಕಾರಿಗಳ ಮನೆಗಳು. ಹೋಗಿ ಬಂದ ದಿನ ಆಕೆಯ ಸೀರೆಯ ಅಂಚಿಗೆ ಸಂಡೂರಿನ ಕೆಂಪು ಧೂಳು ಹತ್ತಿರುತ್ತಿತ್ತು. ಬಾವಿಕಟ್ಟೆಯಲ್ಲಿ ಆಕೆ ಅದನ್ನು ಉಜ್ಜಿ ಉಜ್ಜಿ ಒಗೆಯುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಆ ಧೂಳನ್ನು ಕಂಡರೂ ನನಗೆ ಉರಿ. ಎಷ್ಟು ಇನಾಮು ಕೊಟ್ಟಿರಬಹುದು ಅಂತ ಲೆಕ್ಕ ಹಾಕುತ್ತಿದ್ದೆ. ಲೆಕ್ಕ ಹಾಕಿದಷ್ಟೂ ಅದು ಬೆಳೆಯುತ್ತಿತ್ತು. ಆಕೆಯನ್ನು ಕೇಳಿದರೆ ಹೇಳುತ್ತಿದ್ದಳೇನೋ. ನಾನು ಕೇಳಲಿಲ್ಲ.

ಹೀಗಿರುವಾಗ ಸರ್ಕಾರಕ್ಕೆ ರೊಕ್ಕದ ಅಡಚಣೆ ಬಂತಂತೆ. ಅದುವರೆಗೆ ವರ್ಷಕ್ಕೆ ಎರಡು ಸಾವಿರ ಇದ್ದವರಿಗೆ ಮಾತ್ರ ವರಮಾನ ತೆರಿಗೆ. ಈಗ ಒಂದು ಸಾವಿರ ಇದ್ದವರೂ ಕಟ್ಟಬೇಕು ಅಂತಾಯಿತು. ವಕೀಲರು, ಸಾಹುಕಾರರು, ದೊಡ್ಡ ನೌಕರರು ಕಟ್ಟುತ್ತಿದ್ದ ತೆರಿಗೆ ಅದು. ನಮ್ಮಂಥವರಿಗೆ ಅದರ ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಒಂದು ದಿನ ಅಂಚೆಯವನು ಆಸ್ಪತ್ರೆಗೆ ಎರಡು ಕಂದು ಲಕೋಟೆ ತಂದ. ಒಂದು ಆಕೆಗೆ, ಒಂದು ನನಗೆ. ಡಾಕ್ಟರಮ್ಮ ಒಡೆದು ಓದಿ ಹೇಳಿದರು: "ಹೋದ ವರ್ಷ ನಿಮಗೆ ಎಲ್ಲೆಲ್ಲಿಂದ ಎಷ್ಟೆಷ್ಟು ಬಂತು ಅನ್ನೋದನ್ನ ಈ ಫಾರಮಿನಲ್ಲಿ ಬರೆದು ಕಳಿಸಬೇಕು. ಸುಳ್ಳು ಬರೆದರೆ ದಂಡ."

ಆಯಾಗಳು, ಕಾಂಪೌಂಡರು ಎಲ್ಲರೂ ಸುತ್ತ ನಿಂತು ನಮ್ಮನ್ನು ನೋಡಿದರು. ಸುಳ್ಳು ಯಾಕೆ ಹೇಳಲಿ, ಹೆದರಿಕೆಯ ಜೊತೆಗೆ ನನಗೆ ಒಂದು ಹೆಮ್ಮೆಯೂ ಆಯಿತು. ಆದರೆ ಲಕೋಟೆ ಆಕೆಗೂ ಬಂದಿತ್ತಲ್ಲ, ಆ ಹೆಮ್ಮೆ ಪೂರ್ತಿ ನನ್ನದಾಗಲಿಲ್ಲ.

ತಾಲೂಕು ಕಚೇರಿಯ ಹತ್ತಿರ ಒಂದು ಜಗುಲಿಯ ಮೇಲೆ ಅರ್ಜಿ ಬರೆಯುವ ರಾಯರು ಕೂಡುತ್ತಿದ್ದರು. ವಯಸ್ಸಾದವರು, ಇಂಗ್ಲಿಷ್ ಚೆನ್ನಾಗಿ ಬಲ್ಲವರು. ಎರಡು ದಿನ ಬಿಟ್ಟು ಫಾರಮು ಹಿಡಿದು ಅವರಲ್ಲಿಗೆ ಹೋದೆ.

"ಬರ್ರಿ ತಾಯಿ, ಕುಂದ್ರಿ" ಅಂದರು. ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ಕೇಳಿದರು, "ಪಗಾರ ಎಷ್ಟು?"

ಹೇಳಿದೆ. ಬರೆದರು.

"ಇನಾಮು?"

"ಅದನ್ನೂ ಬರೀಬೇಕೇನ್ರಿ? ಅದು ಮಂದಿ ಪ್ರೀತಿಲೆ ಕೊಟ್ಟದ್ದು."

"ಪ್ರೀತಿಲೆ ಕೊಟ್ರೂ ನೀವು ಮಾಡಿದ ಕೆಲಸಕ್ಕಲ್ಲ ಕೊಟ್ಟದ್ದು? ಅದಕ್ಕ ಅದೂ ವರಮಾನ. ರೊಕ್ಕ ಅಷ್ಟ ಹೇಳ್ರಿ. ಕಾಯಿ, ಕುಬಸ ಬ್ಯಾಡ."

ಮನಸ್ಸಿನಲ್ಲಿ ಮನೆಗಳನ್ನು ಒಂದೊಂದಾಗಿ ನೆನೆಸಿಕೊಂಡು, ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಆ ವರ್ಷ ಕರೆಗಳೇ ಕಡಿಮೆ ಇದ್ದವು. ನೂರರ ಮೇಲೆ ಸ್ವಲ್ಪ ಆಯಿತು.

"ಬಡ್ಡಿ ಗಿಡ್ಡಿ?"

ಕಂಪ್ಲಿಯ ಗಿರಣಿಯ ಠೇವಣಿಯ ಬಡ್ಡಿ ಹೇಳಿದೆ. ರಾಯರು ಮೂರನ್ನೂ ಕೂಡಿಸಿದರು. ಕೂಡಿಸಿ ನಕ್ಕರು.

"ಚೊಲೋ ಆತು ತಾಯಿ. ಸಾವಿರಕ್ಕ ಕಡಿಮಿ ಐತಿ. ನಿಮಗ ತೆರಿಗಿ ಇಲ್ಲ. ಸಹಿ ಮಾಡಿ ಮನೀಗ ಹೋಗ್ರಿ."

ನಾನು ಸಹಿ ಮಾಡಿ ಮನೆಗೆ ಹೋಗಬೇಕಾಗಿತ್ತು. ಆದರೆ ನಾಲಿಗೆಯ ತುದಿಗೆ ಬಂದ ಮಾತನ್ನು ತಡೆಯಲಾಗದೆ ಕೇಳಿದೆ, "ನಮ್ಮ ಆಸ್ಪತ್ರಿ ಇನ್ನೊಬ್ಬಾಕಿ ಬಂದಿದ್ಲೇನ್ರಿ?"

"ಮುಂಜಾನೆನ ಬಂದಿದ್ರು."

"ಆಕೀಗೂ ಇಲ್ಲ ಅಲ್ರಿ ತೆರಿಗಿ?"

"ಆಕೀಗ ಬರ್ತೈತಿ. ಸಾವಿರ ದಾಟೈತಿ." ರಾಯರು ಮಸಿಕುಡಿಕೆಯಲ್ಲಿ ಲೇಖನಿ ಅದ್ದುತ್ತಾ ತಮ್ಮಷ್ಟಕ್ಕೆ ಅಂದರು, "ಹೆಣ್ಮಗಳೊಬ್ಬಳು ವರಮಾನ ತೆರಿಗಿ ಕಟ್ಟೋದು ಈ ಊರಾಗ ಇದ ಮೊದಲು ಇರಬೇಕು. ತೆರಿಗಿ ಕಟ್ಟಿದವ್ರಿಗೆ ವೋಟಿನ ಹಕ್ಕೂ ಬರ್ತೈತಿ ನೋಡ್ರಿ. ಭಾಳ ಸಂತೋಷ."

ಆ 'ಭಾಳ ಸಂತೋಷ' ನನ್ನ ಎದೆಗೆ ಒನಕೆಯಿಂದ ಕುಟ್ಟಿದ ಹಾಗಾಯಿತು.

"ಇನಾಮು ಎಷ್ಟು ಬರಸಿದ್ಲ್ರಿ?"

"ಅದನ್ನ ಹೇಳಂಗಿಲ್ಲ ತಾಯಿ. ನಾಳೆ ನಿಮ್ಮದನ್ನ ಆಕೀಗ ಹೇಳಿದ್ರ ನಿಮಗ ಚೊಲೋ ಅನಸ್ತೈತೇನು?"

ನನ್ನದನ್ನು ಆಕೆಗೆ ಹೇಳುವುದು! ಸಾವಿರವೂ ಆಗದ ನನ್ನ ಲೆಕ್ಕ ಆಕೆಯ ಕಿವಿಗೆ ಬೀಳುವುದನ್ನು ನೆನೆದೇ ನನ್ನ ಮೈ ಬಿಸಿಯಾಯಿತು. ಆಕೆಯ ಇನಾಮು ಎಷ್ಟೋ ನೂರು ಇರಬೇಕು ಅಂದುಕೊಂಡೆ. ಸಂಡೂರಿನವರು, ಕಂಪ್ಲಿಯವರು ಸೇರಿ ಆಕೆಯ ಉಡಿಯನ್ನು ಬೆಳ್ಳಿಯಿಂದಲೇ ತುಂಬಿರಬೇಕು. ರಾಯರು ಸಹಿಗೆ ಜಾಗ ತೋರಿಸುತ್ತಿದ್ದರು. ನಾನು ಲೇಖನಿ ಮುಟ್ಟಲಿಲ್ಲ.

"ತಡೀರಿ ರಾಯರ. ಇನಾಮು ಇನ್ನೂ ಅದಾವು. ಈಗ ನೆನಪಾತು."

"ಹೌದೇನು? ಹೇಳ್ರಿ."

"ಮೆಟ್ರಿ ಗೌಡರ ಮನಿಯಾಗ ಐವತ್ತು."

ರಾಯರು ತಲೆ ಎತ್ತಿದರು. "ಐವತ್ತು? ಒಂದ ಹೆರಿಗಿಗೆ?"

"ಗಂಡು ಕೂಸ್ರಿ. ಭಾಳ ವರ್ಷಕ್ಕ ಆದದ್ದು."

ಕೂಸು ಆದದ್ದು ನಿಜ, ಗಂಡು ಅನ್ನುವುದೂ ನಿಜ. ಅವರು ಕೊಟ್ಟದ್ದು ಎರಡು ರೂಪಾಯಿ, ಒಂದು ಮೊರ ಜೋಳ. ಒಮ್ಮೆ ಬಾಯಿ ಬಿಟ್ಟ ಮೇಲೆ ಮುಂದಿನದು ಸಲೀಸಾಯಿತು. ದರೋಜಿಯಲ್ಲಿ ಮೂವತ್ತು ಅಂದೆ. ಹಂಪಿಗೆ ಬಂದಿದ್ದ ಯಾತ್ರೆಯ ಹೆಂಗಸಿಗೆ ಮಂಟಪದಲ್ಲೇ ಹೆರಿಗೆ ಮಾಡಿಸಿದ್ದೆ. ಪಾಪ, ಆಕೆ ಕೈ ಮುಗಿದಿದ್ದಳು ಅಷ್ಟೇ. ಆಕೆಯ ಗಂಡ ಇಪ್ಪತ್ತೈದು ಕೊಟ್ಟ ಅಂದೆ. ರಾಯರ ಲೇಖನಿ ಹೋದಂತೆಲ್ಲ ನನ್ನ ಹೊಟ್ಟೆ ತಣ್ಣಗಾಗುತ್ತಾ ಬಂತು. ನನ್ನನ್ನು ಅಷ್ಟು ಮಂದಿ ಅಷ್ಟು ಮರ್ಯಾದೆಯಿಂದ ಕಂಡಿದ್ದಾರೆ ಅಂತ ಹೇಳುವಾಗ ನನಗೇ ನಂಬಿಕೆ ಬಂದುಬಿಟ್ಟಿತ್ತು.

ರಾಯರು ಮತ್ತೆ ಕೂಡಿಸಿದರು. "ತಾಯಿ, ಈಗ ಸಾವಿರ ದಾಟಿತು. ತೆರಿಗಿ ಬೀಳ್ತೈತಿ. ನೆನಪು ಖರೇನ ಐತಿಲ್ಲೋ?"

"ಐತ್ರಿ" ಅಂದು ಸಹಿ ಹಾಕಿದೆ.

ತೆರಿಗೆ ಒಂದು ಒಳ್ಳೆಯ ಇಳಕಲ್ ಸೀರೆಯ ಬೆಲೆಯಷ್ಟಾಯಿತು. ಖಜಾನೆಗೆ ಹೋಗಿ ಕಟ್ಟಿ ಬಂದೆ. ಅದಾದ ಮೇಲೆ ಒಂದು ತಿಂಗಳು ನಾನು ಭೂಮಿಯ ಮೇಲೆ ನಡೆಯಲಿಲ್ಲ. ಬಾವಿಕಟ್ಟೆಯಲ್ಲಿ, ಕಾಂಪೌಂಡರಿನ ಮುಂದೆ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಎಲ್ಲ ಕಡೆಯೂ ಮಾತು ತಿರುಗಿಸಿ, "ಈ ಸರ್ಕಾರದ ತೆರಿಗಿ ಕಟ್ಟಿ ಕಟ್ಟಿ ಸಾಕಾತವ್ವ" ಅನ್ನುತ್ತಿದ್ದೆ. ಕಟ್ಟಿದ್ದು ಒಂದೇ ಸಲ. ಆಕೆ ಕೇಳುವ ಹಾಗೆ ಗಟ್ಟಿಯಾಗಿಯೇ ಅನ್ನುತ್ತಿದ್ದೆ. ಆಕೆ ಮಾತ್ರ ತನ್ನ ತೆರಿಗೆಯ ಮಾತೇ ಎತ್ತಲಿಲ್ಲ. ಅದೂ ಒಂದು ಜಂಬ ಅನ್ನಿಸಿತು ನನಗೆ.

ಬೇಸಿಗೆ ಬಂತು. ಒಂದು ಸಂಜೆ ನಾನು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಾಗ ಆಕೆ ಬಂದು ಕಟ್ಟೆಯ ಮೇಲೆ ಕುಂತಳು. ಕೈಯಲ್ಲಿ ಇನ್ನೊಂದು ಕಂದು ಲಕೋಟೆ. ಕಣ್ಣು ಕೆಂಪಾಗಿದ್ದವು.

"ಅಕ್ಕ, ನೀವು ಇನಾಮು ಎಷ್ಟು ಬರಸೀರಿ?"

"ಯಾಕ?"

"ತೆರಿಗಿ ಸಾಹೇಬರು ಕಮಲಾಪುರದ ಬಂಗಲೇಕ ಬಂದಾರ. ನಾಳೆ ಬಾ ಅಂತ ನನಗ ಬರದಾರ. ಹಿರೇ ದಾದಿ ಮೆಟ್ರಿಯೊಂದರಾಗ ಐವತ್ತು ಇನಾಮು ತೋರಿಸ್ಯಾಳ, ದೊಡ್ಡ ದೊಡ್ಡ ಮನೀಗೆ ಹೋಗೋ ನೀನು ಇಷ್ಟ ಯಾಕ ತೋರಿಸಿದಿ, ಉಳಿದದ್ದು ಎಲ್ಲಿ ಮುಚ್ಚಿಟ್ಟಿ ಅಂತ ಕೇಳ್ಯಾರ."

ನಾನು ತಂಬಿಗೆ ಕೆಳಗಿಟ್ಟೆ. "ನೀ ಎಷ್ಟು ತೋರಿಸಿದಿ?"

ಆಕೆ ಹೇಳಿದಳು. ನಾನು ಮೊದಲು ನಿಜವಾಗಿ ಹೇಳಿದ್ದಕ್ಕಿಂತ ಸ್ವಲ್ಪವೇ ಹೆಚ್ಚು. ಅಷ್ಟೇ.

"ಮತ್ತ ಸಾವಿರ ಹೆಂಗ ದಾಟಿತು?"

"ನನ್ನ ಪಗಾರ ನಿಮಗಿಂತ ತುಸು ಜಾಸ್ತಿ ಅಲ್ರಿ, ಮದರಾಸಿನ ಸರ್ಟಿಫಿಕೇಟಿಗೆ. ಮತ್ತ ನಮ್ಮಪ್ಪ ನನ್ನ ಹೆಸರಿಲೆ ಒಂದು ಬ್ಯಾಂಕಿನ ಷೇರು ಬಿಟ್ಟು ಹೋಗ್ಯಾನ. ಅದರ ಡಿವಿಡೆಂಡ್ ಬರ್ತೈತಿ."

ಡಿವಿಡೆಂಡ್. ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು ಆವತ್ತು. ನನ್ನದು ಬಡ್ಡಿ, ಆಕೆಯದು ಡಿವಿಡೆಂಡ್. ಎರಡೂ ಇಟ್ಟ ರೊಕ್ಕ ಹಡೆದ ರೊಕ್ಕವೇ, ಆದರೆ ಆಕೆಯದು ಹೆಸರಿನಲ್ಲೇ ಬೂಟು ಹಾಕಿಕೊಂಡಂತಿತ್ತು.

"ಕಂಪ್ಲಿಯವ್ರು ಏನು ಕೊಟ್ರು ನಿನಗ?" ಎಷ್ಟೋ ತಿಂಗಳಿಂದ ಗಂಟಲಲ್ಲಿದ್ದ ಪ್ರಶ್ನೆ ಅದು.

"ಒಂದು ಸೀರಿ, ಐದು ರೂಪಾಯಿ. ಮೋಟಾರಿನಾಗ ಕರಕೊಂಡು ಹೋಗಿದ್ವಲ್ಲ ಅಂದ್ರು." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸಂಡೂರಿನವ್ರು ಚಹಾ ಕೊಡ್ತಾರ, ಕುರ್ಚಿ ಕೊಡ್ತಾರ. ರೊಕ್ಕ ಕೊಟ್ರ ಅಮ್ಮನೋರಿಗೆ ಅಪಮಾನ ಆದೀತು ಅಂತಾರ. ನಿಮಗ ಮೆಟ್ರಿಯವ್ರು ಐವತ್ತು ಕೊಟ್ರಂತಲ್ಲ ಅಕ್ಕ. ನಿಮ್ಮ ಮ್ಯಾಲೆ ಮಂದಿ ಜೀವ ಇಟ್ಟಾರ. ನನಗ ಯಾಕ ಹಂಗ ಕೊಡಂಗಿಲ್ಲ?"

ಆ ಮಾತು ಕೇಳಿ ನನಗೆ ಆದ ಸುಖವನ್ನು ನಾನು ಮುಚ್ಚಿಡುವುದಿಲ್ಲ. ಬಿರುಬಿಸಿಲಿನಲ್ಲಿ ಬಂದವರಿಗೆ ಮಜ್ಜಿಗೆ ಕೊಟ್ಟಂತಿತ್ತು. ಆಕೆ, ಗಡಿಯಾರದವಳು, ನನ್ನ ಕಟ್ಟೆಯ ಮೇಲೆ ಕುಂತು ನನ್ನನ್ನು ಕಂಡು ಕರುಬುತ್ತಿದ್ದಳು. ನಾನು ದೊಡ್ಡಸ್ತಿಕೆಯಿಂದ ಆಕೆಯ ಬೆನ್ನು ಸವರಿ, "ಹೊಸಬಿ ಅದಿ, ಮುಂದ ಕೊಡ್ತಾರ" ಅಂದೆ.

"ನಾಳೆ ನೀವೂ ಬರ್ರಿ ಅಕ್ಕ. ಆ ಮನೀಗಳು ಬ್ಯಾರೆ, ಈ ಮನೀಗಳು ಬ್ಯಾರೆ ಅಂತ ಸಾಹೇಬರಿಗೆ ನೀವು ಹೇಳ್ರಿ. ನಾ ಹೇಳಿದ್ರ ಕಳ್ಳಿ ಅಂತಾರ."

ಹೂಂ ಅಂದೆ. ಸಾಹೇಬರ ಮುಂದೆಯೂ ಹಿರಿಯಳಾಗಿ ನಿಲ್ಲುವ ಅವಕಾಶ ಸಿಕ್ಕಿತಲ್ಲ ಅಂತ.

ಮರುದಿನ ಜಟಕಾದಲ್ಲಿ ಇಬ್ಬರೂ ಕಮಲಾಪುರಕ್ಕೆ ಹೋದೆವು. ಕಬ್ಬಿನ ಗದ್ದೆ, ಬಾಳೆಯ ತೋಟಗಳ ನಡುವೆ ದಾರಿ. ಬಂಗಲೆಯ ಪಡಸಾಲೆಯಲ್ಲಿ ಮೇಜು ಹಾಕಿ ಸಾಹೇಬರು ಕುಂತಿದ್ದರು. ತಮಿಳು ಸೀಮೆಯವರು, ಕನ್ನಡವನ್ನು ಪುಸ್ತಕ ಓದಿದ ಹಾಗೆ ಬಿಡಿಬಿಡಿಯಾಗಿ ಆಡುತ್ತಿದ್ದರು. ಪಕ್ಕದಲ್ಲಿ ಒಬ್ಬ ಗುಮಾಸ್ತ.

ಸಾಹೇಬರು ಆಕೆಯನ್ನು ಮೊದಲು ಕೇಳಿದರು. ಆಕೆ ಇದ್ದದ್ದನ್ನು ಹೇಳಿದಳು. ಸಂಡೂರು ಬೇರೆ ಸಂಸ್ಥಾನ, ಅಲ್ಲಿ ಕೈಗೆ ಬಂದದ್ದನ್ನು ಬಚ್ಚಿಟ್ಟಿದ್ದೀಯೇನು ಅಂತ ಕೆದಕಿದರು. "ಇಲ್ರಿ, ಅಲ್ಲಿದನ್ನೂ ಬರಸೀನಿ. ಊರಿಗೆ ತಂದ ಮ್ಯಾಲೆ ಅದೂ ಇಲ್ಲಿಯ ವರಮಾನನ ಅಂತ ರಾಯರು ಹೇಳಿದ್ರು" ಅಂದಳು. ಸಾಹೇಬರಿಗೆ ನಂಬಿಕೆ ಬರಲಿಲ್ಲ.

"ನೋಡಿ. ಈ ಅಮ್ಮನವರು ಸಣ್ಣ ಸಣ್ಣ ಹಳ್ಳಿಗಳಲ್ಲಿ ಇಷ್ಟು ಇನಾಮು ಪಡೆದಿದ್ದಾರೆ. ಪ್ರಾಮಾಣಿಕವಾಗಿ ಬರೆದಿದ್ದಾರೆ. ನೀವು ಶ್ರೀಮಂತರ ಮನೆಗಳಿಗೆ ಹೋಗುತ್ತೀರಿ. ನಿಮಗೆ ಇದಕ್ಕಿಂತ ಕಡಿಮೆ ಹೇಗೆ? ನಾನೇ ಅಂದಾಜು ಮಾಡಿ ಎರಡು ಪಟ್ಟು ಹಾಕಬೇಕಾಗುತ್ತದೆ."

ಪ್ರಾಮಾಣಿಕವಾಗಿ ಅಂದಾಗ ಅವರು ನನ್ನ ಕಡೆ ನೋಡಿ ಸಣ್ಣಗೆ ತಲೆಬಾಗಿಸಿದರು.

ಆಕೆ ನನ್ನತ್ತ ತಿರುಗಿದಳು. "ಹೇಳ್ರಿ ಅಕ್ಕ."

"ಸಾಹೇಬರ, ಆಕಿ ಖರೇನ ಹೇಳ್ತಾಳ್ರಿ" ಅಂದೆ. "ದೊಡ್ಡ ಮನೀಯವ್ರು ಕೊಡಂಗಿಲ್ಲ."

"ಹಳ್ಳಿಯವರು ಕೊಡುತ್ತಾರೆ?"

"ಹೂಂ... ಕೊಡ್ತಾರ್ರಿ."

"ಸರಿ. ಹಾಗಾದರೆ ಪರೀಕ್ಷೆ ಮಾಡೋಣ." ಗುಮಾಸ್ತನ ಕಡೆ ತಿರುಗಿದರು. "ಮೆಟ್ರಿಯ ಆ ಗೌಡರ ಮನೆಗೆ ಒಂದು ನೋಟೀಸು ಬರೆಯಿರಿ. ಐವತ್ತು ರೂಪಾಯಿ ಯಾರು ಕೊಟ್ಟರು, ಯಾವಾಗ ಕೊಟ್ಟರು, ಬಂದು ಹೇಳಲಿ. ಇವರ ಮಾತು ನಿಜವಾದರೆ ಇನ್ನೊಬ್ಬರ ಮಾತು ಸುಳ್ಳು."

ಆ ಮನೆ ನನಗೆ ಗೊತ್ತಿತ್ತು. ಗೌಡನ ತಾಯಿ ಉಪ್ಪು ಮೆಣಸಿನಕಾಯಿಯನ್ನೂ ಬೀಗ ಹಾಕಿ ಇಡುವಾಕೆ. ಎಷ್ಟೋ ವರ್ಷ ಮಕ್ಕಳಾಗಲಿಲ್ಲ ಅಂತ ಸೊಸೆಯನ್ನು ತವರಿಗೆ ಅಟ್ಟಲು ಎರಡು ಸಲ ಗಾಡಿ ಕಟ್ಟಿಸಿದ್ದಳು. ಈಗ ಐವತ್ತು ರೂಪಾಯಿಯ ನೋಟೀಸು ಆ ಬಾಗಿಲಿಗೆ ಹೋದರೆ, ಗೌಡ ತಾನು ಕೊಟ್ಟಿಲ್ಲ ಅನ್ನುತ್ತಾನೆ. ಹಾಗಾದರೆ ಸೊಸೆಯೇ ಕದ್ದು ಕೊಟ್ಟಿರಬೇಕು ಅಂತಾಗುತ್ತದೆ. ಆ ಹುಡುಗಿ ನೋವಿನ ಹೊತ್ತಿನಲ್ಲಿ ನನ್ನ ಮುಂಗೈ ಹಿಡಿದ ಗುರುತು ಎಷ್ಟೋ ದಿನ ನೀಲಿಗಟ್ಟಿತ್ತು. ಗುಮಾಸ್ತ ಕಾಗದ ಎಳೆದುಕೊಂಡ.

"ಬರೀಬ್ಯಾಡ್ರಿ" ಅಂದೆ.

ಸಾಹೇಬರು ನೋಡಿದರು.

"ಮೆಟ್ರಿಯವ್ರು ಎರಡು ರೂಪಾಯಿ ಕೊಟ್ಟಾರ್ರಿ. ಐವತ್ತಲ್ಲ. ದರೋಜಿಯವ್ರೂ ಅಷ್ಟು ಕೊಟ್ಟಿಲ್ಲ. ಹಂಪಿಯಾಕಿ ಏನೂ ಕೊಟ್ಟಿಲ್ಲ. ನಾ ಜಾಸ್ತಿ ಬರಸೀನಿ."

"ಕಡಿಮೆ ಬರೆಸಿದಿರಿ ಅಂತೀರೋ?"

"ಅಲ್ರಿ. ಜಾಸ್ತಿ."

ಅವರು ಕನ್ನಡ ಸರಿಯಾಗಿ ತಿಳಿಯಲಿಲ್ಲ ಅಂದುಕೊಂಡು ಗುಮಾಸ್ತನನ್ನು ಕೇಳಿದರು. ಅವನು ಇಂಗ್ಲಿಷಿನಲ್ಲಿ ಹೇಳಿದ. ಸಾಹೇಬರು ಲೇಖನಿ ಕೆಳಗಿಟ್ಟು ಕುರ್ಚಿಗೆ ಒರಗಿದರು.

"ನಾನು ಈ ಕೆಲಸಕ್ಕೆ ಬಂದಾಗಿನಿಂದ ಕಡಿಮೆ ಬರೆದವರನ್ನೇ ನೋಡಿದ್ದೇನೆ. ಬಾರದ ರೊಕ್ಕಕ್ಕೆ ತೆರಿಗೆ ಕಟ್ಟಿದವರನ್ನು ನೋಡಿಲ್ಲ. ಯಾಕಮ್ಮ?"

ಸುಳ್ಳು ಹೇಳುವುದಕ್ಕೆ ಇನ್ನು ಶಕ್ತಿ ಇರಲಿಲ್ಲ. ಆಕೆಯ ಕಡೆ ನೋಡದೆ, ಪಡಸಾಲೆಯ ಕಂಬ ನೋಡುತ್ತಾ ಹೇಳಿದೆ:

"ಆಕಿ ತೆರಿಗಿ ಕಟ್ಟೋಳು, ನಾ ಕಟ್ಟದಾಕಿ ಆಗಬಾರ್ದು ಅಂತ್ರಿ. ಆಕೀಗಿಂತ ನನಗ ಕಡಿಮಿ ಇನಾಮು ಬಂತು ಅಂತ ಕಾಗದದಾಗ ಇರಬಾರ್ದು ಅಂತ."

ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದ. ಕೆಮ್ಮಲ್ಲ ಅದು. ಸಾಹೇಬರು ಮಾತ್ರ ನಗಲಿಲ್ಲ. ಹೊಸ ಫಾರಮು ತರಿಸಿ, ಗುಮಾಸ್ತನಿಂದಲೇ ಬರೆಸಿದರು. ಸಂಬಳ, ಇನಾಮು, ಬಡ್ಡಿ, ಈ ಸಲ ನಿಜವಾದ್ದು. ಬರೆದು ಮುಗಿಸಿದಾಗ ಮೊತ್ತ ಮತ್ತೆ ಸಾವಿರದೊಳಗೆ ಬಂದು ನಿಂತಿತು. "ಕಟ್ಟಿದ ತೆರಿಗೆ ವಾಪಸು ಬರುತ್ತದೆ. ಅರ್ಜಿ ಕೊಡಿ" ಅಂದರು. ಆಕೆಯ ಲೆಕ್ಕವನ್ನು ಇದ್ದ ಹಾಗೇ ಒಪ್ಪಿಕೊಂಡರು. ಆಕೆಗೆ ಎದ್ದು ನಿಂತು ಹೋಗಿಬನ್ನಿ ಅಂದರು, ತೆರಿಗೆ ಕಟ್ಟುವವರಿಗೆ ಹಾಗೆ ಅನ್ನುತ್ತಾರೋ ಏನೋ. ನನಗೆ ಕುಂತಲ್ಲೇ ಕೈ ಎತ್ತಿದರು. ಅಂಥ ಹೊತ್ತಿನಲ್ಲೂ ಅದನ್ನು ನಾನು ಗಮನಿಸಿದೆ.

ತಿರುಗಿ ಬರುವಾಗ ಜಟಕಾದಲ್ಲಿ ಆಕೆ ಸಿಟ್ಟು ಮಾಡುತ್ತಾಳೆ ಅಂತ ಕಾಯುತ್ತಾ ಕುಂತೆ. ಅನಂತಶಯನಗುಡಿ ಬರುವ ಹೊತ್ತಿಗೆ ಆಕೆಯ ಭುಜ ಅಲುಗತೊಡಗಿದವು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಯಾಕ ನಗ್ತಿ?"

"ಐವತ್ತು ರೂಪಾಯಿ ಅಂತ ಕೇಳಿ, ನಿನ್ನೆ ರಾತ್ರಿ ಊಟ ಸೇರಲಿಲ್ಲ ಅಕ್ಕ ನನಗ. ಮೆಟ್ರಿಗೆ ಹೋಗಿ ಮನೀ ಮಾಡ್ಲೇನು ಅಂತ ಯೋಚನೆ ಮಾಡಿದ್ನಿ!"

ಬಂಗಲೆಯ ಪಡಸಾಲೆಯ ಹೊರಗೆ ನಿಂತು ಎಲ್ಲ ಕೇಳಿದ್ದ ಜಟಕಾದವನೂ ನಕ್ಕ. ನಾನು ನಗಲಿಲ್ಲ. ಆಕೆ ಬೈದಿದ್ದರೆ ನಾಲ್ಕು ಮಾತು ತಿರುಗಿ ಬೈದು ಹಗುರಾಗುತ್ತಿದ್ದೆ. ನಕ್ಕು ಮುಗಿಸಿಬಿಟ್ಟಳು; ಅಂಥ ಮನಸ್ಸು ಆಕೆಗೆ ದೇವರು ಕೊಟ್ಟಿದ್ದಾನಲ್ಲ ಅಂತ ಅದಕ್ಕೂ ನನಗೆ ಕಿಚ್ಚಾಯಿತು.

ಆಕೆ ಯಾರಿಗೂ ಹೇಳಲಿಲ್ಲ. ಆದರೆ ಜಟಕಾದವನಿಗೆ ಬಾಯಿ ಇತ್ತು. ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಹೆರಿಗೆ ಆದ ಮನೆಗಳಲ್ಲಿ ಗಂಡಸರು ನನ್ನ ಕೈಗೆ ಎರಡು ರೂಪಾಯಿ ಇಟ್ಟು, "ಅಕ್ಕ, ಇದನ್ನ ಇನ್ನೂರು ಅಂತ ಬರಕೊಳ್ರಿ" ಅಂತ ಚೇಷ್ಟೆ ಮಾಡುತ್ತಿದ್ದರು. ಮೊದಮೊದಲು ಮುಖ ಊದಿಸಿಕೊಂಡು ಬಂದೆ. ಆಮೇಲೆ "ಇನ್ನೂರು ಬರಸಿದ್ರ ತೆರಿಗಿ ನೀನ ಕಟ್ಟು" ಅನ್ನುವುದನ್ನು ಕಲಿತೆ. ವಿಚಿತ್ರವೆಂದರೆ ಆ ಚೇಷ್ಟೆ ಮಾಡುವುದಕ್ಕಾದರೂ ಕೆಲವರು ಮತ್ತೆ ನನ್ನನ್ನು ಕರೆಯತೊಡಗಿದರು. ತೆರಿಗೆಯ ರೊಕ್ಕ ಬಹಳ ದಿನಕ್ಕೆ ವಾಪಸು ಬಂತು. ಅದರಲ್ಲಿ ಇಳಕಲ್ ಸೀರೆಯನ್ನೇ ತೆಗೆದುಕೊಂಡೆ.

ಕೆಲವು ವರ್ಷ ಕಳೆದ ಮೇಲೆ ಸರ್ಕಾರ ಮಿತಿಯನ್ನು ಮತ್ತೆ ಎರಡು ಸಾವಿರಕ್ಕೆ ಏರಿಸಿತು. ಅಷ್ಟರಲ್ಲಿ ಆಕೆ ಆಸ್ಪತ್ರೆಯ ಕೆಲಸ ಬಿಟ್ಟು, ಬಜಾರಿನ ಹಿಂದೆ ಒಂದು ಮನೆ ಹಿಡಿದು ಸ್ವಂತ ಹೆರಿಗೆ ಮನೆ ತೆರೆದಿದ್ದಳು. ನನಗೆ ಕಂದು ಲಕೋಟೆ ಬರುವುದು ನಿಂತಿತು. ಆಕೆಗೆ ಬರುತ್ತಲೇ ಇತ್ತು. "ಪುಣ್ಯವಂತರು ನೀವು ಅಕ್ಕ, ಆ ಕಾಟ ತಪ್ಪಿತು" ಅನ್ನುತ್ತಿದ್ದಳು. ನಾನು ಹೌದವ್ವ ಅನ್ನುತ್ತಿದ್ದೆ.

ನನಗೆ ಆಸ್ಪತ್ರೆಯಿಂದ ನಿವೃತ್ತಿಯಾದಾಗ ಆಕೆಯೇ ಮನೆಗೆ ಬಂದು ಕೇಳಿದಳು, "ನನ್ನ ಕೂಡ ಬರ್ರಿ. ಒಬ್ಬಾಕಿಗೆ ಆಗವಲ್ದು. ತಿಂಗಳಿಗೆ ಪಗಾರ ಕೊಡ್ತೀನಿ, ಬಂದ ಇನಾಮಿನಾಗ ಅರ್ಧ ನಿಮ್ಮದು." ಒಂದು ದಿನ ಬಿಗುಮಾನ ಮಾಡಿ ಮರುದಿನ ಹೋದೆ. ಎರಡನೇ ಮಹಾಯುದ್ಧದ ವರ್ಷಗಳು ಪೂರ್ತಿ ಅಲ್ಲೇ ಕೆಲಸ ಮಾಡಿದೆ. ಕೆಲಸದಲ್ಲಿ ನಮಗೆ ಎಂದೂ ಜಗಳ ಬರಲಿಲ್ಲ. ಕೂಸು ಅಡ್ಡವಾಗಿದ್ದರೆ ಇಬ್ಬರ ನಾಲ್ಕು ಕೈಯೂ ಒಬ್ಬಳದೇ ಅನ್ನುವ ಹಾಗೆ ಆಡುತ್ತಿದ್ದವು. ಕೈ ತೊಳೆದುಕೊಂಡು ಹೊರಗೆ ಬಂದ ಮೇಲೆ ಮಾತ್ರ ನನ್ನ ಹೊಟ್ಟೆ ತನ್ನ ಕೆಲಸ ಶುರು ಮಾಡುತ್ತಿತ್ತು.

ಒಂದು ವರ್ಷ ಆಕೆ ಲೆಕ್ಕ ಬರೆಸಲು ಒಬ್ಬ ಗುಮಾಸ್ತರನ್ನು ಮನೆಗೇ ಕರೆಸಿದಳು. ನಾನು ಪಕ್ಕದಲ್ಲಿ ಕುಂತು ಕೂಸುಗಳ ಬಟ್ಟೆ ಮಡಚುತ್ತಿದ್ದೆ. ಆತ ಗಟ್ಟಿಯಾಗಿ ಓದುತ್ತಾ ಬರೆದ: ಫೀಸು ಇಷ್ಟು, ಇನಾಮು ಇಷ್ಟು, ಡಿವಿಡೆಂಡ್ ಇಷ್ಟು. ಆಮೇಲೆ ಖರ್ಚು ಅಂತ ಶುರು ಮಾಡಿದ. ಮನೆ ಬಾಡಿಗೆ, ಔಷಧಿ, ಅಗಸರಿಗೆ ಕೊಟ್ಟದ್ದು, ಸಹಾಯಕಿಯ ಸಂಬಳ.

ನಾನು ಬಟ್ಟೆ ಕೆಳಗಿಟ್ಟೆ. "ನಾ ಖರ್ಚೇನು?"

ಆಕೆಗೆ ಮುಜುಗರವಾಯಿತು. "ಕಾನೂನು ಹಂಗ ಐತಿ ಅಕ್ಕ. ನಿಮ್ಮ ಪಗಾರ ಬರದಷ್ಟೂ ನನ್ನ ತೆರಿಗಿ ಕಡಿಮಿ ಆಗ್ತೈತಿ."

"ಹಂಗಿದ್ರ ಇನ್ನೊಂದೀಟು ಬರಸು. ಬರಸಿದಷ್ಟು ಕೊಡು."

ಗುಮಾಸ್ತರು ಆಕೆಯ ಮುಖ ನೋಡಿದರು. ಆಕೆ ಒಂದು ಗಳಿಗೆ ಯೋಚಿಸಿ, "ಬರೋ ತಿಂಗಳಿಂದ ಐದು ರೂಪಾಯಿ ಏರಸ್ತೀನಿ. ಬರೋ ವರ್ಷದ ಲೆಕ್ಕಕ್ಕ ಅಷ್ಟು ಬರೀರಿ" ಅಂದಳು.

ಹೇಳಿದಂತೆ ಏರಿಸಿದಳು. 'ಖರ್ಚು' ಅನ್ನಿಸಿಕೊಂಡ ಅವಮಾನ ಐದು ರೂಪಾಯಿಗೆ ಅರ್ಧ ಇಳಿಯಿತು. ಆದರೆ ಎಲ್ಲ ಖರ್ಚು ಕಳೆದ ಮೇಲೆ ಆಕೆಗೆ ವರ್ಷಕ್ಕೆ ಉಳಿಯುವುದು ಎಷ್ಟು ಅನ್ನುವುದನ್ನು ಆವತ್ತು ನನ್ನ ಕಿವಿಯಾರೆ ಕೇಳಿಬಿಟ್ಟಿದ್ದೆ. ಆ ಮೊತ್ತ ಇವತ್ತಿಗೂ ನನಗೆ ಬಾಯಿಪಾಠ.